ಸೋಫಾದಲ್ಲಿ ಸಿಕ್ಕಿಬಿದ್ದ ಹೆಣ್ಣಿನ ತಂದೆ

ದುಡ್ಡಿರುವವರಿಗಿಂತ ದುಡ್ಡಿರುವವರಂತೆ ಕಾಣಬೇಕೆನ್ನುವವರ ಪಾಡೇ ಹೆಚ್ಚು ಕಷ್ಟದ್ದು. ನಾನು ಎರಡನೆಯವರ ಪೈಕಿ. ಮಗಳು ಸ್ಫೂರ್ತಿಯನ್ನು ನೋಡಲು ಹೊಳೆನರಸೀಪುರದಿಂದ ಗಂಡಿನ ಕಡೆಯವರು ಬರುತ್ತೇವೆಂದಾಗ ನನ್ನ ಹೆಂಡತಿ, "ಮನೆಗೇ ಕರೀರಿ, ಉಪ್ಪಿಟ್ಟು ಕೇಸರಿಬಾತು ಮಾಡ್ತೀನಿ" ಎಂದಳು. ನಾನು ಕೇಳಬೇಕಲ್ಲ! ಹಾಸನದಲ್ಲಿ ಹಿಂದೆ ದೊಡ್ಡ ಮನುಷ್ಯರೆಲ್ಲ ಇಳಿದುಕೊಳ್ಳುತ್ತಿದ್ದ ಹೋಟೆಲೊಂದಿದೆ. ಕಾಲೇಜಿನ ದಿನಗಳಲ್ಲಿ ಅದರ ಕಾಂಪೌಂಡಿನಾಚೆ ಸೈಕಲ್ ನಿಲ್ಲಿಸಿ, ವರಾಂಡದ ಬೆತ್ತದ ಕುರ್ಚಿಗಳಲ್ಲಿ ಕೂತವರು ಟೀ ಕುಡಿಯುವುದನ್ನು ನೋಡಿದ್ದೇ ನನ್ನ ಪಾಲಿಗೆ ಬಂದದ್ದು. ಒಳಗೆ ಕಾಲಿಡುವ ಧೈರ್ಯ ನನಗೆ ಬರುವಷ್ಟರಲ್ಲಿ, ಹೊರಗಿನ ಕಲ್ಲುಗೋಡೆಯನ್ನು ಹಾಗೇ ಬಿಟ್ಟು ಒಳಗೆಲ್ಲ ಹೊಸದು ಮಾಡಿದ್ದರು. ಬೂದುಬಣ್ಣದ ಗೋಡೆ, ಎಲ್ಲಿಂದ ಬರುತ್ತದೋ ತಿಳಿಯದ ಬೆಳಕು, ಮೊಣಕಾಲಿಗಿಂತ ತಗ್ಗಿನ ಸೋಫಾ.

ಗಂಡಿನವರನ್ನು ಅಲ್ಲಿಗೇ ಕರೆದು, ಹೆಂಡತಿ ಮಗಳನ್ನು ಪಕ್ಕದ ಕುರ್ಚಿಗಳಲ್ಲಿ ಕೂರಿಸಿ, ಆ ಸೋಫಾದಲ್ಲಿ ನಾನು ಗತ್ತಿನಿಂದ ಕೂತೆ. ಅದು ನನ್ನನ್ನು ನುಂಗಿತು. ಅಷ್ಟರಲ್ಲಿ ಗಂಡಿನ ತಂದೆ ಪುಟ್ಟೇಗೌಡರು ಮಗ ಮಂಜುವಿನೊಂದಿಗೆ ಬಂದರು. ಏಳಲು ನೋಡಿದೆ, ಆಗಲಿಲ್ಲ. ಕೂತಲ್ಲಿಂದಲೇ ಕೈಮುಗಿದೆ. ಗೊಬ್ಬರದಂಗಡಿಯ ಗೌಡರ ಮುಖ ಗಂಟಾಯಿತು.

"ಏನ್ ಸಾ, ಓಟ್ಲಿಗೆ ಕರೆದ್ಮೇಲೆ ಬಂದೋರಿಗೆ ಎದ್ದೇಳೋದು ಬ್ಯಾಡ್ವಾ?" ಎನ್ನುತ್ತಾ ಎದುರಿನ ಸೋಫಾದಲ್ಲಿ ಧಪ್ಪನೆ ಕೂತರು.

"ತಪ್ಪು ತಿಳೀಬೇಡಿ ಗೌಡರೇ, ಸೋಫಾ ಬಿಡ್ತಾ ಇಲ್ಲ" ಎಂದೆ.

ಅದು ಅವರಿಗೆ ಕುಚೋದ್ಯದಂತೆ ಕೇಳಿಸಿತು. "ನಡೀಲಾ ಮಂಜು, ಈ ಸಂಬಂಧ ಬ್ಯಾಡ" ಎಂದು ಏಳಲು ಹೋದರು. ಆಗಲಿಲ್ಲ. ಮತ್ತೊಮ್ಮೆ ಮುಕ್ಕಿರಿದರು. ಮಂಜು ಒಂದು ತೋಳು ಹಿಡಿದೆಳೆದ. ಅಂಗಿಯ ಗುಂಡಿ ಕಿತ್ತುಬಂತು, ಅಪ್ಪ ಬರಲಿಲ್ಲ. ನನ್ನ ಹೆಂಡತಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದು ಬೇಡ. ಕೂಡಿಬರಬಹುದಾಗಿದ್ದ ಸಂಬಂಧ ನನ್ನ ಒಣಜಂಬದಿಂದ ಮುರಿದುಬೀಳುತ್ತಿತ್ತು.

ಆಗ ಸ್ಫೂರ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಅವಳು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್. "ಅಂಕಲ್, ಅಂಚಿಗೆ ಬನ್ನಿ. ಪಾದ ಹಿಂದಕ್ಕೆ ಊರಿ. ಮುಂದಕ್ಕೆ ಬಗ್ಗಿ. ಈಗ ಕೈ ಕೊಡಿ."

ಗೌಡರು ಎದ್ದು ನಿಂತಿದ್ದರು.

"ಇದೇನವ್ವಾ, ಮೂಟೆ ಎತ್ತಿದಂಗೆ ಎತ್ಬುಟ್ಟೆ!"

"ದಿನಾ ಇದೇ ಕೆಲಸ ಅಂಕಲ್."

ಗೌಡರು ಗಹಗಹಿಸಿ ನಕ್ಕರು. "ಲೇ ಮಂಜು, ನಂಗೆ ವಯಸ್ಸಾದ್ರೆ ನಿನ್ ಕೈಲಿ ಆಗಾಕಿಲ್ಲ. ಈ ಮಗೀನೇ ಬೇಕು ಕಣ್ಲಾ!"

"ಅವರೂ ಕಲೀಲಿ ಅಂಕಲ್, ನಾನು ಹೇಳಿಕೊಡ್ತೀನಿ" ಎಂದಳು ಸ್ಫೂರ್ತಿ. ಮಂಜು ಕಿತ್ತ ಗುಂಡಿಯನ್ನು ಕೈಯಲ್ಲಿ ಹಿಡಿದುಕೊಂಡೇ ತಲೆಯಾಡಿಸಿದ.

ಎಲ್ಲರೂ ನಗುತ್ತಾ ಊಟದ ಹಾಲಿಗೆ ಹೋದರು. ಅರ್ಧ ಗಂಟೆಯ ಮೇಲೆ ಹೆಂಡತಿಗೆ ನಾನು ನೆನಪಾದೆ. "ಏನ್ರೀ, ಇನ್ನೂ ಇಲ್ಲೇ ಇದೀರಾ? ಹುಡುಗ ಹುಡುಗಿ ಇಬ್ಬರೂ ಒಪ್ಪಿದ್ರು. ನಿಮ್ಮದೇನೂ ಅಭ್ಯಂತರ ಇಲ್ಲ ತಾನೇ?"

"ಇದ್ದಿದ್ರೆ ಎದ್ದು ಬಂದು ಹೇಳ್ತಿರಲಿಲ್ವೇನೇ?" ಎಂದೆ.