ಎಸ್ಟೋನಿಯಾದಲ್ಲಿ ರಾಹುಕಾಲ

ಎಸ್ಟೋನಿಯಾ ದೇಶದ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಕ್ಷೇತ್ರದಲ್ಲಿ ಬಂಡವಾಳ ಹೂಡಬೇಕೆಂಬ ಮಹತ್ವದ ನಿರ್ಧಾರವನ್ನು ನಾನು ಕೈಗೊಂಡದ್ದು ಊಟದ ಎಲೆಯ ಮುಂದೆ. ಆತುರದ ನಿರ್ಧಾರ ಎಂದು ಯಾರೂ ದೂರುವಂತಿಲ್ಲ. ಪಾಯಸ ಬರುವವರೆಗೂ ಯೋಚಿಸಿದ್ದೆ!

ನನ್ನದು ತುಮಕೂರಿನ ಬಟವಾಡಿಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ನಮ್ಮ ವ್ಯಾಪಾರಿಗಳ ಸಂಘದವರು ಒಂದು ದಿನ ವಿಚಾರ ಸಂಕಿರಣ ಇಟ್ಟುಕೊಂಡರು. ಬ್ಯಾನರಿನ ಮೇಲ್ಭಾಗದಲ್ಲಿ ಎಸ್ಟೋನಿಯಾದಲ್ಲಿ ಹೂಡಿಕೆಯ ಅವಕಾಶಗಳು ಎಂದಿತ್ತು. ಕೆಳಭಾಗದಲ್ಲಿ ಭೋಜನದ ವ್ಯವಸ್ಥೆ ಇದೆ ಎಂದಿತ್ತು. ಕೆಳಗಿನ ಸಾಲಿಗಾಗಿ ಹೋದ ನಾನು ಮೇಲಿನ ಸಾಲಿಗೆ ಬಿದ್ದೆ.

ಪರದೆಯ ಮೇಲೆ ಹಿಮ ಬೀಳುತ್ತಿತ್ತು. ಬೆಳ್ಳನೆಯ ಮರಗಳ ಕಾಡು. ಆ ಕಾಡಿನ ನಡುವೆ ಒಬ್ಬಳು ಮರದ ದಿಮ್ಮಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಅಲ್ಲಿ ಕಾಡಿನಲ್ಲೂ ನೆಟ್ ಸಿಗುತ್ತದಂತೆ. ಕಾಫಿ ಆರುವಷ್ಟರಲ್ಲಿ ಕಂಪನಿ ನೋಂದಣಿ ಆಗುತ್ತದಂತೆ. ಸಣ್ಣ ಸಣ್ಣ ಸಾಫ್ಟ್‌ವೇರ್ ಕಂಪನಿಗಳು ಹೊರದೇಶದ ಸಣ್ಣ ಹೂಡಿಕೆದಾರರನ್ನೂ ಪಾಲುದಾರರಾಗಿ ಸೇರಿಸಿಕೊಳ್ಳುತ್ತವಂತೆ. ಸರ್ಕಾರಿ ಕಚೇರಿಯಲ್ಲಿ ಕ್ಯೂ ಎಂಬುದೇ ಇಲ್ಲ ಎಂದು ಭಾಷಣಕಾರರು ಹೇಳಿದಾಗ ಸಭೆಯಲ್ಲಿ ಯಾರೋ ದೊಡ್ಡದಾಗಿ ನಿಟ್ಟುಸಿರು ಬಿಟ್ಟರು. ಎಲ್ಲರೂ ತಿರುಗಿ ನೋಡಿದರು. ಅದು ನಾನೇ!

ಅಂದು ಸಂಜೆಯಿಂದ ಬಟವಾಡಿಯಲ್ಲಿ ಹಿಮ ಬೀಳತೊಡಗಿತು. ನನ್ನೊಬ್ಬನಿಗೆ ಮಾತ್ರ. ಹೆದ್ದಾರಿಯ ಲಾರಿಗಳು ಸದ್ದಿಲ್ಲದೆ ಬಿಳಿಯ ರಸ್ತೆಯಲ್ಲಿ ಜಾರಿಹೋಗುತ್ತಿದ್ದವು. ಆಟೋಗಳ ಟಾಪಿನ ಮೇಲೆಲ್ಲ ಹತ್ತಿ ಹರಡಿದ ಹಾಗೆ ಹಿಮ. ಊರ್ಡಿಗೆರೆ ಬಸ್ಸಿನಿಂದ ಉದ್ದನೆಯ ಕೋಟು ತೊಟ್ಟ ಒಬ್ಬ ಗಂಭೀರ ವ್ಯಕ್ತಿ ಇಳಿಯುತ್ತಿದ್ದ, ನೋಡಿದರೆ ಥೇಟ್ ನನ್ನದೇ ಮುಖ. ಕಾಡಿನ ಹುಡುಗಿ ಎದ್ದು ನಿಂತು, "ಇವರೇ ನಮ್ಮ ಬಂಡವಾಳಗಾರರು" ಎಂದು ಮರಗಳಿಗೆಲ್ಲ ಅವನನ್ನು ಪರಿಚಯಿಸುತ್ತಿದ್ದಳು. ಈ ಧ್ಯಾನದಲ್ಲಿದ್ದಾಗಲೇ ಬೆಳ್ಳಾವಿಯ ಹೆಂಗಸೊಬ್ಬರು ಇಡ್ಲಿ ಕುಕ್ಕರ್ ಕೇಳಿದರು. ಒಳಗಿನ ತಟ್ಟೆಗಳಿಲ್ಲದೆ ಬರೀ ಕುಕ್ಕರ್ ಕಟ್ಟಿಕೊಟ್ಟೆ. ಮಾರನೇ ದಿನ ಅವರು ಬಂದು ಆಡಿದ ಮಾತನ್ನು ಮರ್ಯಾದಸ್ಥರು ಓದುವ ಕಡೆ ಬರೆಯಲಾಗದು.

ವಿಷಯವನ್ನು ಹೆಂಡತಿ ಗಿರಿಜೆಯ ಮುಂದಿಟ್ಟೆ.

"ಎಸ್ಟೋನಿಯಾ ಎಲ್ಲಿ ಬರ್ತದ್ರೀ?" ಎಂದಳು.

"ಫಿನ್‌ಲ್ಯಾಂಡ್ ಪಕ್ಕ."

"ಫಿನ್‌ಲ್ಯಾಂಡ್ ಎಲ್ಲಿ ಬರ್ತದೆ?"

"ಎಸ್ಟೋನಿಯಾ ಪಕ್ಕ ಕಣೇ!"

"ಸರಿ ಬುಡಿ, ಒಂದು ಸಿಕ್ಕಿದ್ರೆ ಇನ್ನೊಂದು ಸಿಕ್ತದೆ. ಅಲ್ಲಿಗೆ ಹಾಕಕ್ಕೆ ನಮ್ಮತ್ರ ಏನೈತೆ?"

ನಾನು ಫ್ಯಾನ್ ನೋಡಿದೆ.

"ಫ್ಯಾನ್ ನೋಡ್ಬೇಡಿ. ಕುಣಿಗಲ್ ಸೈಟಾ?"

ಹೌದು, ಕುಣಿಗಲ್ ಸೈಟು. ಅದು ಗಿರಿಜೆಗೆ ಅವಳ ಅಪ್ಪ ಅರಿಶಿನ ಕುಂಕುಮಕ್ಕೆಂದು ಕೊಟ್ಟದ್ದು. ಬಟವಾಡಿಯ ನಮ್ಮ ಬಾಡಿಗೆ ಮನೆಯ ಅಡುಗೆಮನೆಗೆ ಕಿಟಕಿ ಇಲ್ಲ. ಒಗ್ಗರಣೆ ಹಾಕಿದರೆ ಬೀದಿಯವರಿಗಿಂತ ಮೊದಲು ನಮ್ಮ ಹಾಸಿಗೆಗಳು ಕೆಮ್ಮುತ್ತವೆ. ಕುಣಿಗಲ್ ಕಡೆ ಹೋದಾಗಲೆಲ್ಲ ಗಿರಿಜೆ ಆ ಖಾಲಿ ಸೈಟಿನಲ್ಲಿ ಸೆರಗು ಸಿಕ್ಕಿಸಿ ಓಡಾಡುತ್ತಾಳೆ. "ಇಲ್ಲಿ ಅಡುಗೆಮನೆ. ಇಲ್ಲಿ ಕಿಟಕಿ. ಕಿಟಕೀಲಿ ಕೆರೆ ಗಾಳಿ" ಎನ್ನುತ್ತಾಳೆ. ಇಲ್ಲದ ಹೊಸ್ತಿಲನ್ನು ದಾಟುವಾಗ ಜೋಪಾನವಾಗಿ ಕಾಲೆತ್ತಿ ಇಡುತ್ತಾಳೆ. ಅವಳ ಮಟ್ಟಿಗೆ ಮನೆ ಕಟ್ಟಿಯಾಗಿದೆ, ಇಟ್ಟಿಗೆ ಬರುವುದೊಂದು ಬಾಕಿ. ಮನೆಯಲ್ಲಿ ಕನಸು ಕಾಣುವವರು ಇಬ್ಬರು, ಸೈಟು ಒಂದೇ. ಇದು ನಮ್ಮ ಸಂಸಾರದ ಆರ್ಥಿಕ ಪರಿಸ್ಥಿತಿ.

ಅವಳು ಕೆಲವು ದಿನ ಒಗ್ಗರಣೆಯನ್ನು ಸ್ವಲ್ಪ ಜೋರಾಗಿಯೇ ಹಾಕಿದಳು. ಆಮೇಲೆ ಒಂದು ಬೆಳಿಗ್ಗೆ ಕಾಫಿ ಲೋಟ ಕೈಗಿಡುತ್ತಾ, "ನಿಮ್ ಮುಖದಲ್ಲಿ ಇಂಥಾ ಕಳೆ ನಾನು ನಮ್ಮ ಮದ್ವೇಲೂ ನೋಡ್ನಿಲ್ಲ. ಹಾಕ್ಕಳಿ. ಆದ್ರೆ ರುದ್ರೇಶನ್ನ ಒಂದು ಮಾತು ಕೇಳಿ" ಎಂದಳು. ಇನ್ನೂ ಇಲ್ಲದ ಆ ಕಿಟಕಿ ನನ್ನ ಕಣ್ಣ ಮುಂದೆ ಬಂತು. ಆದರೂ ಬೇಡ ಎನ್ನಲಿಲ್ಲ ನೋಡಿ, ಅಂಥ ದೊಡ್ಡ ಮನುಷ್ಯ ನಾನು!

ರುದ್ರೇಶ ಗಿರಿಜೆಯ ತಮ್ಮ. ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದಾನೆ. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಪಂಚಾಂಗ. ರಾಹುಕಾಲದಲ್ಲಿ ಅವನ ಮಂಡಿಯಲ್ಲಿ ಒಂದು ಚೀಲದ ಬಾಯನ್ನೂ ಹೊಲಿಯುವಂತಿಲ್ಲ. ನನ್ನ ಯೋಜನೆ ಕೇಳಿ ಅವನು ಬೆಚ್ಚಲಿಲ್ಲ, ನಗಲೂ ಇಲ್ಲ.

"ಒಳ್ಳೇದೇ ಭಾವ. ಆದ್ರೆ ಮೊದಲ್ನೇ ಮಾತು ರಾಹುಕಾಲ್ದಲ್ಲಿ ಆಗ್ಬಾರ್ದು. ನನ್ ಮಂಡೀಲೇ ಕೂತು ಮಾತಾಡಣ. ಅಕ್ಕನ ಸೈಟು, ಹುಡುಗಾಟ ಅಲ್ಲ" ಎಂದ. ನಾನು ಒಪ್ಪಿದೆ. ಇದರಲ್ಲಿ ತಪ್ಪೇನಿದೆ ಎಂದು ನಿಮಗೂ ಅನಿಸುತ್ತಿರಬಹುದು. ನನಗೂ ಹಾಗೇ ಅನಿಸಿತ್ತು.

ಸಂಕಿರಣದವರು ಕೊಟ್ಟ ವಿಳಾಸಕ್ಕೆ ಮೇಲ್ ಕಳಿಸಿದೆ. ಎಸ್ಟೋನಿಯಾದ ಒಂದು ಪುಟ್ಟ ಕಂಪನಿಯಿಂದ ಲೀನಾ ಎಂಬಾಕೆ ಉತ್ತರಿಸಿದಳು. ಚಿಕ್ಕ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವವರಂತೆ. ಸಣ್ಣ ಹೂಡಿಕೆದಾರರಿಗೆಂದು ಒಂದೆರಡು ಜಾಗ ಉಳಿದಿವೆಯಂತೆ. ಅಂಗಡಿ ಇಟ್ಟವನೇ ಪಾಲುದಾರನಾದರೆ ಅವರಿಗೆ ಬಹಳ ಸಂತೋಷವಂತೆ. "ಮಂಗಳವಾರ ನಿಮ್ಮ ಮಧ್ಯಾಹ್ನ ಮೂರೂವರೆಗೆ ವೀಡಿಯೊದಲ್ಲಿ ಮಾತಾಡೋಣವೇ?" ಎಂದು ಕೇಳಿದ್ದಳು.

ಮಂಗಳವಾರ ಮೂರರಿಂದ ನಾಲ್ಕೂವರೆ ರಾಹುಕಾಲ! "ಖಗೋಳ ಸಂಬಂಧಿ ಅಡಚಣೆಯಿಂದಾಗಿ ಸಭೆಯನ್ನು ಮುಂದೂಡಲು ಕೋರುತ್ತೇನೆ" ಎಂದು ಘನತೆಯಿಂದ ಬರೆದೆ. ಆಕೆ ಗುರುವಾರ ಎರಡು ಗಂಟೆ ಎಂದಳು. ಅದೂ ರಾಹುಕಾಲ. ಅಡಚಣೆ ಮುಂದುವರಿದಿದೆ ಎಂದು ಬರೆದೆ. ನಿಮ್ಮಲ್ಲಿ ಬಿರುಗಾಳಿಯೇ, ಎಲ್ಲರೂ ಕ್ಷೇಮವೇ ಎಂದು ಕಳಕಳಿಯಿಂದ ವಿಚಾರಿಸಿ, ಶುಕ್ರವಾರ ಹನ್ನೊಂದು ಎಂದಳು. ಸರಿಯಾಗಿ ರಾಹುವಿನ ಮಡಿಲಿಗೆ!

"ಆವಮ್ಮ ಪಂಚಾಂಗ ಮುಂದಿಟ್ಕಂಡೇ ಟೈಮ್ ಕೊಡ್ತಾವ್ಳೆ ಭಾವ!" ಎಂದ ರುದ್ರೇಶ.

ಕೊನೆಗೆ ನಾನು ಸತ್ಯವನ್ನೇ ಬರೆದೆ. ರಾಹು ಯಾರು, ಅವನಿಗೆ ಸೂರ್ಯನ ಮೇಲೆ ಏನು ಸಿಟ್ಟು, ಸೂರ್ಯ ಹುಟ್ಟಿ ಮುಳುಗುವವರೆಗಿನ ಹೊತ್ತನ್ನು ಎಂಟು ಪಾಲು ಮಾಡಿ ದಿನಕ್ಕೊಂದು ಪಾಲನ್ನು ಅವನಿಗೆ ಹೇಗೆ ಬಿಟ್ಟುಕೊಡುತ್ತೇವೆ, ಯಾವ ವಾರ ಯಾವ ಪಾಲು, ಎಲ್ಲವನ್ನೂ ಉದ್ದಕ್ಕೆ ವಿವರಿಸಿದೆ. ಯಮಗಂಡ ಕಾಲ, ಗುಳಿಕ ಕಾಲಗಳನ್ನೂ ಮೇಲೊಗರವಾಗಿ ಸೇರಿಸಿದೆ. ಭಾರತೀಯ ಜ್ಞಾನ ಪರಂಪರೆಯನ್ನು ಯುರೋಪಿಗೆ ಮುಟ್ಟಿಸಿದ ಹೆಮ್ಮೆಯಿಂದ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಕನಸಿನಲ್ಲಿ ರಾಹು ಉಣ್ಣೆಯ ಟೋಪಿ ಹಾಕಿಕೊಂಡು ಬೆಳ್ಳನೆಯ ಕಾಡಿನಲ್ಲಿ ನಡುಗುತ್ತಾ ನಿಂತಿದ್ದ. ಪಾಪ ಅನಿಸಿತು.

ಲೀನಾ ನಗಲಿಲ್ಲ. ಅದೇ ಆಶ್ಚರ್ಯ. ತಮ್ಮ ಎಂಜಿನಿಯರ್ ಕೈಲಿ ಲೆಕ್ಕ ಹಾಕಿಸಿ ಕಳಿಸಿದಳು. ಚಳಿಗಾಲದಲ್ಲಿ ಅವರ ಹಗಲು ಬಹಳ ಚಿಕ್ಕದು, ಆದ್ದರಿಂದ ಅಲ್ಲಿಯ ರಾಹುಕಾಲ ನಮ್ಮದರ ಅರ್ಧದಷ್ಟೇ!

"ಅರ್ಧ ರಾಹು!" ರುದ್ರೇಶ ಎದ್ದು ನಿಂತೇಬಿಟ್ಟ. "ಅದ್ಕೇ ಮತ್ತೆ ಆ ದೇಶ ಉದ್ಧಾರ ಆಗಿರೋದು!"

"ಬೇಸಿಗೇಲಿ ಹಗಲು ಉದ್ದ ಅಂತೆ ಕಣೋ. ಆಗ ರಾಹುಕಾಲ ಎರಡು ಗಂಟೆಗೂ ಮೀರ್ತದಂತೆ."

"ಹಂಗಾರೆ ಬೇಸಿಗೆ ಬರದ್ರೊಳಗೆ ಹಾಕ್ಬುಡು ಭಾವ!"

ಆದರೆ ಈಗ ಹೊಸ ಸಮಸ್ಯೆ. ಯಾವ ದೇಶದ ರಾಹುಕಾಲ ನೋಡಬೇಕು? ದುಡ್ಡು ಹೊರಡುವ ಕಡೆಯದೋ, ಸೇರುವ ಕಡೆಯದೋ? ಗುಬ್ಬಿಯ ಮಂಡಿಯಲ್ಲಿ ಇದರ ಮೇಲೆ ಘನವಾದ ಚರ್ಚೆ ನಡೆಯಿತು. ತೂಕ ಹಾಕಿಸಲು ಬಂದ ರೈತರೂ ಎರಡು ಪಕ್ಷವಾದರು. ಎರಡೂ ಕಡೆಯದನ್ನು ಬಿಡುವುದೇ ಕ್ಷೇಮ ಎಂದು ತೀರ್ಮಾನವಾಯಿತು. ಲೀನಾಗೆ ಬರೆದೆ. ಎಂಜಿನಿಯರ್ ಮತ್ತೆ ಕೂತ. ಎರಡೂ ದೇಶಗಳ ಕೆಟ್ಟ ಹೊತ್ತುಗಳನ್ನೆಲ್ಲ ಕಳೆದು ಉಳಿದದ್ದು, ಒಂದು ಬುಧವಾರ ನಮ್ಮ ಬೆಳಿಗ್ಗೆ ಒಂಬತ್ತೂವರೆ. ಆಗ ಅಲ್ಲಿ ಸೂರ್ಯನೇ ಹುಟ್ಟಿರುವುದಿಲ್ಲ.

"ಸೂರ್ಯ ಬರದ ಮೇಲೆ ರಾಹುಗೇನು ಡ್ಯೂಟಿ? ಬೇಷಾಯ್ತು" ಎಂದ ರುದ್ರೇಶ.

ಬುಧವಾರ ಬಂತು. ಮದುವೆಯ ಕೋಟು ಹಾಕಿಕೊಂಡೆ. ಗುಂಡಿ ಹಾಕಲು ಹೊಟ್ಟೆ ಸಮ್ಮತಿಸಲಿಲ್ಲ. ಗಿರಿಜೆ ರೇಷ್ಮೆ ಸೀರೆ ಉಟ್ಟು ಬಂದಳು. "ಇದ್ಯಾಕೆ?" ಎಂದೆ. "ಸೈಟು ಕೊಡೋರು ನಾವಲ್ವಾ, ಹೆಣ್ಣು ಕೊಡೋರ ಥರ ಕಾಣ್ಬೇಡ್ವಾ?" ಎಂದಳು. ನಕ್ಕಳು, ಆದರೆ ಕಣ್ಣು ನಗಲಿಲ್ಲ. ರುದ್ರೇಶ ಲ್ಯಾಪ್‌ಟಾಪಿಗೆ ವಿಭೂತಿ ಬಳಿದು, ಸೇವಂತಿಗೆ ಏರಿಸಿ, ಊದುಬತ್ತಿ ಬೆಳಗಿದ. ಕೊಬ್ಬರಿ ಚೀಲಗಳ ನಡುವೆ ಲೀನಾ ಪ್ರತ್ಯಕ್ಷಳಾದಳು. ಸ್ವೆಟರ್ ತೊಟ್ಟು, ತೂಕಡಿಸುತ್ತಾ, ನಗುತ್ತಾ. ನಮ್ಮ ರಾಹುವಿನ ಕಾಟಕ್ಕೆ ಪಾಪ ಕತ್ತಲಲ್ಲೇ ಎದ್ದು ಕೂತಿದ್ದಳು.

ನಾನು ಸಿದ್ಧಪಡಿಸಿದ್ದ ಭಾಷಣ ಮರೆತುಹೋಯಿತು. ಬಾಯಿಗೆ ಬಂದದ್ದು ಒಂದೇ. "ಹೊರಗೆ ಹಿಮ ಬೀಳುತ್ತಿದೆಯೇ?"

ಆಕೆ ಲ್ಯಾಪ್‌ಟಾಪನ್ನು ಕಿಟಕಿಯ ಕಡೆ ತಿರುಗಿಸಿದಳು. ಬೀದಿ ದೀಪದ ಹಳದಿ ಬೆಳಕಿನಲ್ಲಿ ಹಿಮ ನಿಧಾನವಾಗಿ, ಯಾವ ಅವಸರವೂ ಇಲ್ಲದೆ ಇಳಿಯುತ್ತಿತ್ತು. ಒಂದು ಸೈಕಲ್ಲಿನ ಸೀಟು ಬೆಳ್ಳಗೆ ಉಬ್ಬಿತ್ತು. ದೂರದಲ್ಲಿ ಕಪ್ಪು ಮರಗಳು. ಮಂಡಿಯ ತಕ್ಕಡಿ ನಿಂತಿತು. ಹಮಾಲರೂ ಬಂದು ಬಗ್ಗಿ ನೋಡಿದರು. ನನ್ನ ಕಣ್ಣು ತುಂಬಿತು.

"ಎಷ್ಟು ಚೆಂದ ಐತೆ ಕಣ್ರೀ" ಎಂದಳು ಗಿರಿಜೆ ಮೆಲ್ಲಗೆ. "ಪರವಾಗಿಲ್ಲ. ಮಾರ್ಬುಡಣ ಸೈಟು."

ಲೀನಾ ಪರದೆಯನ್ನು ತನ್ನತ್ತ ತಿರುಗಿಸಿಕೊಂಡು, "ನಿಮಗೊಂದು ಮುಖ್ಯ ವಿಷಯ ಹೇಳಬೇಕು" ಎಂದಳು. ಅಷ್ಟರಲ್ಲಿ ಅವಳಿಗೆ ಸೀನು ಬಂತು. ಒಂದೇ ಒಂದು!

"ಒಂಟಿ ಸೀನು!" ಎಂದು ಕೂಗಿ ರುದ್ರೇಶ ಲ್ಯಾಪ್‌ಟಾಪನ್ನು ಟಪ್ಪನೆ ಮುಚ್ಚಿದ.

"ಅವಳು ಸೀನಿದ್ದು ಎಸ್ಟೋನಿಯಾದಲ್ಲಿ ಕಣೋ!"

"ಕೇಳಿಸಿದ್ದು ಗುಬ್ಬೀಲಿ ಭಾವ! ಕೂತ್ಕಳಿ. ಎಲ್ರೂ ನೀರು ಕುಡೀರಿ."

ಎಲ್ಲರೂ ನೀರು ಕುಡಿದೆವು. ಹಮಾಲರೂ ಕುಡಿದರು. ಕೆಟ್ಟ ಗಳಿಗೆ ಕಳೆಯಿತೆಂದು ರುದ್ರೇಶನಿಗೆ ಮನವರಿಕೆಯಾದ ಮೇಲೆ ಮುಚ್ಚಳ ತೆರೆದು ಮತ್ತೆ ಕರೆ ಮಾಡಿದೆವು. ಲೀನಾ ಸಮಾಧಾನವಾಗಿ ಕೂತಿದ್ದಳು. ಮೂಗು ಒರೆಸಿಕೊಂಡು ವಿಷಯ ಹೇಳಿದಳು.

ಅವರ ಎಂಜಿನಿಯರ್ ನಮಗಾಗಿ ಲೆಕ್ಕ ಹಾಕಿದ್ದನಲ್ಲ, ಅದನ್ನೇ ಒಂದು ಆ್ಯಪ್ ಮಾಡಿದರಂತೆ. ಯಾವ ಊರು, ಯಾವ ದಿನ ಎಂದು ಒತ್ತಿದರೆ ಸಾಕು, ವ್ಯವಹಾರಕ್ಕೆ ಒಳ್ಳೆಯ ಹೊತ್ತು ಯಾವುದೆಂದು ಹೇಳುತ್ತದಂತೆ. ಅದನ್ನು ಒಬ್ಬ ದೊಡ್ಡ ಬಂಡವಾಳಗಾರ ನೋಡಿದನಂತೆ. ಭಾರತದಲ್ಲಿ ಇದಕ್ಕೆಷ್ಟು ಜನ ಗಿರಾಕಿಗಳು ಎಂದು ಕೇಳಿದನಂತೆ. ಉತ್ತರ ಕೇಳಿ ಇಡೀ ಹಣವನ್ನು ತಾನೊಬ್ಬನೇ ಹಾಕಿಬಿಟ್ಟನಂತೆ. ಸಣ್ಣ ಹೂಡಿಕೆದಾರರಿಗೆ ಇನ್ನು ಜಾಗವಿಲ್ಲ.

"ಆ ಮಂಗಳವಾರವೇ ಮಾತಾಡಿದ್ದರೆ ನಿಮಗೆ ಜಾಗವಿತ್ತು" ಎಂದಳು ನಿಜವಾದ ದುಃಖದಿಂದ. "ಆದರೆ ಆಗ ಈ ಆ್ಯಪ್ ಹುಟ್ಟುತ್ತಿರಲಿಲ್ಲ. ನಮ್ಮ ಕಂಪನಿ ನಿಮಗೆ ಋಣಿ. ಒಂದು ತಿಂಗಳು ನಿಮಗೆ ಉಚಿತ!"

ಹಿಮ, ಕಾಡು, ಕೋಟು ಎಲ್ಲ ಆರಿಹೋದವು. ನಮ್ಮಜ್ಜ ಮುತ್ತಜ್ಜರ ಕಾಲದಿಂದ ಬಂದ ರಾಹುವನ್ನು ನಾನು ಪುಕ್ಕಟೆಯಾಗಿ, ಯಮಗಂಡ ಗುಳಿಕರ ಸಮೇತ, ಒಂದೇ ಇ-ಮೇಲ್‌ನಲ್ಲಿ ರಫ್ತು ಮಾಡಿದ್ದೆ!

"ನೋಡ್ದಾ ಭಾವ" ಎಂದ ರುದ್ರೇಶ, "ಒಂಟಿ ಸೀನು ಸುಳ್ಳಾಗಲ್ಲ."

ಬಸ್ಸಿನಲ್ಲಿ ತುಮಕೂರಿಗೆ ಬರುವಾಗ ಗಿರಿಜೆ ನನ್ನ ಕೈ ಹಿಡಿದು ಕೂತಿದ್ದಳು. ಸಮಾಧಾನಕ್ಕೆಂದು ಹಿಡಿದಳೋ, ಸಂತೋಷ ತಡೆಯಲಾರದೆ ಹಿಡಿದಳೋ ಕೇಳುವ ಧೈರ್ಯ ನನಗಾಗಲಿಲ್ಲ. ಮನೆಗೆ ಬಂದವಳೇ ಪಾಯಸ ಮಾಡಿದಳು. ಅಲ್ಲಿಗೆ ಉತ್ತರ ಗೊತ್ತಾಯಿತು. ಸಾಲ ಸೋಲ ಮಾಡಿಯಾದರೂ ಮನೆ ಕಟ್ಟೋಣ ಎಂದು ನಾನೇ ಬಾಯಿಬಿಟ್ಟೆ. ಬೇರೆ ದಾರಿ ಇರಲಿಲ್ಲ, ಪಾಯಸ ಚೆನ್ನಾಗಿತ್ತು.

ಕೆಲವು ತಿಂಗಳಲ್ಲೇ ಕುಣಿಗಲ್ಲಿನಲ್ಲಿ ಗುದ್ದಲಿ ಪೂಜೆ. ಗಿರಿಜೆ ಅಡುಗೆಮನೆಯ ಜಾಗದಲ್ಲಿ ನಿಂತಿದ್ದಳು. ಕೆರೆಯ ಗಾಳಿಗೆ ಅವಳ ಸೆರಗು ಹಾರುತ್ತಿತ್ತು. ಅವಳ ಮುಖದ ಕಳೆ ನೋಡಿ ನನಗೆ ಎಲ್ಲ ಮರೆತುಹೋಯಿತು. ಗುದ್ದಲಿ ಎತ್ತಿದೆ.

"ತಡಿ ಭಾವ!" ರುದ್ರೇಶ ಮೊಬೈಲ್ ಹಿಡಿದು ಅಡ್ಡ ಬಂದ. "ಎಸ್ಟೋನಿಯಾದ ಆ್ಯಪ್ ನೋಡ್ದೆ ಮಣ್ಣು ಮುಟ್ಟಂಗಿಲ್ಲ. ಪುಕ್ಕಟೆ ತಿಂಗ್ಳು ಮುಗ್ದೈತೆ. ದುಡ್ಡು ಕಟ್ಟಿದ್ರೇನೆ ಹೇಳ್ತದಂತೆ."

"ನಮ್ಮ ಅಂಗಡಿ ಕ್ಯಾಲೆಂಡರ್‌ನಲ್ಲೇ ಐತಲ್ಲೋ ರಾಹುಕಾಲ! ಊರಿಗೆಲ್ಲ ಸುಮ್ನೆ ಹಂಚ್ತೀನಿ!"

"ಕ್ಯಾಲೆಂಡರಲ್ಲಿರೋದು ಅಂದಾಜು. ಇದ್ರಲ್ಲಿ ಕುಣಿಗಲ್‌ದೇ ಬೇರೆ ಬರ್ತದೆ, ಸೆಕೆಂಡ್ ಲೆಕ್ಕ!"

"ಕಟ್ರೀ ಬೇಗ, ಒಳ್ಳೆ ಹೊತ್ತು ಮೀರೋಗ್ತದೆ" ಎಂದಳು ಗಿರಿಜೆ.

ಗುದ್ದಲಿಯನ್ನು ಹೆಗಲ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಫೋನ್ ತೆಗೆದು ಕಟ್ಟಿದೆ. ಹೀಗೆ ಎಸ್ಟೋನಿಯಾದ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಕ್ಷೇತ್ರದಲ್ಲಿ ನನ್ನ ಪ್ರಪ್ರಥಮ ಬಂಡವಾಳ ಹೂಡಿಕೆ ಶುಭ ಮುಹೂರ್ತದಲ್ಲಿ ನೆರವೇರಿತು!