ಫೋನ್ ಬುದ್ಧಿಯ ಕ್ಯಾಮೆರಾ ಜೊತೆ ಹತ್ತು ದಿನ

ಹೊಸ ಯಂತ್ರ ಬಂದಾಗಲೆಲ್ಲ ಅದನ್ನು ಪರೀಕ್ಷೆ ಮಾಡುವ ಕೆಲಸ, ಅದರಿಂದ ಕೆಲಸ ಕಳೆದುಕೊಳ್ಳುವವರಿಗೇ ಬರುತ್ತದೆ. ಹೈದರಾಬಾದಿನ ಕಾಚಿಗೂಡದ ನಮ್ಮ ಫೋಟೋ ಸ್ಟುಡಿಯೋದಲ್ಲಂತೂ ಇದು ಪದ್ಧತಿ. ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆಯುತ್ತಿದ್ದ, ನಾವೆಲ್ಲ ಅಣ್ಣ ಎನ್ನುತ್ತಿದ್ದವನ ಕೈಯಲ್ಲೇ ಮೊದಲ ಡಿಜಿಟಲ್ ಪ್ರಿಂಟರಿನ ಡಬ್ಬಿ ಬಿಚ್ಚಿಸಿದ್ದರು. ಅವನು ನಿಯತ್ತಿನಿಂದ ಬಿಚ್ಚಿ, ಓಡಿಸಿ ನೋಡಿ, "ಭಾಳ ಚಲೋ ಐತ್ರಿ" ಎಂದು ಹೇಳಿ ಅದೇ ತಿಂಗಳು ಮನೆಗೆ ಹೋದ. ನಾನಾಗ ಹೊಸಬಳು. ನಕ್ಕಿದ್ದೆ.

ಹದಿನೆಂಟು ವರ್ಷವಾದ ಮೇಲೆ ನನ್ನ ಸರದಿ ಬಂತು. ಮಾಲೀಕರು ನನ್ನ ಮೇಜಿನ ಮೇಲೆ ಒಂದು ಮಿರರ್‌ಲೆಸ್ ಕ್ಯಾಮೆರಾ ಇಟ್ಟರು. ಹಿಂದೆ ಅಂಗೈ ಅಗಲದ ಪರದೆ. ಫೋನನ್ನು ನಡೆಸುವ ಸಾಫ್ಟ್‌ವೇರೇ ಇದನ್ನೂ ನಡೆಸುತ್ತದೆ. ಸಿಮ್ ಹಾಕಬಹುದು, ಆಪ್ ಹಾಕಬಹುದು, ಫೋಟೋ ತೆಗೆದು ಅಲ್ಲೇ ತಿದ್ದಿ ಅಲ್ಲಿಂದಲೇ ಕಳಿಸಬಹುದು. ಡೀಲರ್ ಹತ್ತು ದಿನದ ಮಟ್ಟಿಗೆ ಕೊಟ್ಟಿದ್ದ, ಜೊತೆಗೊಂದು ಫಾರಂ.

"ನೀವೇ ನೋಡಿ ಬರೀರಿ ಮೇಡಂ. ಇದಿದ್ದರೆ ಯಾರು ಬೇಕಾದರೂ ಫೋಟೋ ತೆಗೀಬಹುದಂತೆ."

"ಯಾರು ಬೇಕಾದರೂ ಅಂದರೆ ಯಾರು ಸಾರ್?"

"ಊರಿಂದ ನಮ್ಮ ಬಾವಮೈದ ಬಂದಿದ್ದಾನಲ್ಲ, ಖಾಲಿ ಕೂತಿದ್ದಾನೆ."

ಇದಕ್ಕಿಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ಫಾರಂನ ಕೊನೆಯ ಪ್ರಶ್ನೆ, 'ಬಳಸಲು ತರಬೇತಿ ಬೇಕೆ?' ಅದರ ಮುಂದೆ ಅರ್ಧ ಗೆರೆಯಷ್ಟು ಜಾಗ. ನನ್ನ ಹದಿನೆಂಟು ವರ್ಷ ಅದರೊಳಗೆ ಹಿಡಿಸಬೇಕಿತ್ತು.

ಒಂದು: ನೆರಳಲ್ಲಿ ಕೂತವನು

ಮೊದಲ ಗಿರಾಕಿ ಯಾದಗಿರಿ ಕಡೆಯವರೊಬ್ಬರು, ಕಟ್ಟಡದ ಕೆಲಸ. ಕೂಲಿಕಾರರ ಕಾರ್ಡಿಗೆ ಫೋಟೋ ಬೇಕಿತ್ತು. ತೆಗೆದು ಕೊಟ್ಟೆ. ಎರಡನೇ ದಿನ ಅದನ್ನೇ ಹಿಡಿದುಕೊಂಡು ವಾಪಸ್ ಬಂದರು.

"ಅಕ್ಕಾರ, ಕೌಂಟರಿನವರು ಇದು ನೀ ಅಲ್ಲ ಅಂದ್ರು."

ನೋಡಿದೆ. ಕ್ಯಾಮೆರಾ ಯಾರನ್ನೂ ಕೇಳದೆ ಅವರನ್ನು ಬೆಳ್ಳಗೆ ಮಾಡಿತ್ತು. ಹಣೆಯ ಗೆರೆ, ಗಲ್ಲದ ಗಾಯ ಎಲ್ಲ ಒರೆಸಿ ಹಾಕಿತ್ತು.

"ನಾ ಬಿಸಲಾಗ ಇಟ್ಟಂಗಿ ಹೊತ್ತಾವರಿ. ಇಂವ ಯಾವನೋ ನೆರಳಾಗ ಕುಂತಾವ."

ನಾಚಿಕೆಯಾಯಿತು. ಹಳೆಯ ಕ್ಯಾಮೆರಾದಲ್ಲಿ ಇನ್ನೊಂದು ತೆಗೆದು, ಆ ಬಿಳಿ ಫೋಟೋ ಹರಿಯಲು ಹೋದೆ. ತಡೆದರು.

"ಹರೀಬ್ಯಾಡ್ರಿ. ನಮ್ಮಾಕಿ ಇದನ್ನ ನೋಡ್ಯಾಳ. ನೀವು ಹೈದರಾಬಾದಿನಾಗs ಇರ್ರಿ, ಇವನ್ನ ಊರಿಗೆ ಕಳಸ್ರಿ ಅಂದಾಳ."

ಎರಡು: ಐದು ಕಿಲೋಮೀಟರ್

ಕ್ಯಾಮೆರಾ ಆನ್ ಮಾಡಿದ ದಿನ ಅದು ಯಾರದಾದರೂ ಅಕೌಂಟ್ ಕೇಳಿತ್ತು. ಮಾಲೀಕರು ತಮ್ಮದನ್ನೇ ಹಾಕಿದ್ದರು, ಮಾಲು ಯಾರದೆಂದು ಅದಕ್ಕೂ ಗೊತ್ತಿರಲಿ ಎಂದು. ಅಂದಿನಿಂದ ಅವರ ಫೋನಿಗೆ ಬರುವುದೆಲ್ಲ ಇದರಲ್ಲೂ ಬರತೊಡಗಿತು. ನಾನು ಯಾವುದೋ ಕೂಸನ್ನು ನಗಿಸಲು ಚಪ್ಪಾಳೆ ತಟ್ಟುತ್ತಿರುವಾಗ ಕೂಸಿನ ಮುಖದ ಮೇಲೆ ಅಕ್ಷರ ಮೂಡುತ್ತಿತ್ತು: 'ಇಂದು ನೀವು ನಡೆದದ್ದು ನೂರಾ ಹನ್ನೆರಡು ಹೆಜ್ಜೆ.' ನಮ್ಮ ಮುಂದೆ ಹೇಳುವಾಗ ಮಾತ್ರ ಅವರು ದಿನಾ ಐದು ಕಿಲೋಮೀಟರ್ ನಡೆಯುತ್ತಾರೆ.

"ಸಾರ್, ನಿಮ್ಮ ಮೆಸೇಜೆಲ್ಲ ಕ್ಯಾಮೆರಾದಲ್ಲಿ ಕಾಣ್ತಿವೆ. ಅಕೌಂಟ್ ತೆಗೆದುಬಿಡಿ."

"ಅದೇ ಮೇಡಂ ಇದರ ವಿಶೇಷ. ನಿಮ್ಮ ವಯಸ್ಸಿನವರಿಗೆ ಇಂಥವೆಲ್ಲ ತಿಳಿಯೋದು ಕಷ್ಟ."

ನನಗೆ ನಲವತ್ತಾರು. ಅವರಿಗೆ ಅರವತ್ತು.

ಮೂರು: ಮುಹೂರ್ತ

ಕುಷಾಯಿಗೂಡದಲ್ಲಿ ಬೀದರ್ ಕಡೆಯವರ ಮದುವೆ. ವರ ತಾಳಿ ಎತ್ತಿಕೊಂಡ. ಪರದೆಯಲ್ಲಿ ಬಂತು: 'ಅಪ್‌ಡೇಟ್ ಆಗುತ್ತಿದೆ. ಆಫ್ ಮಾಡಬೇಡಿ.'

"ಯಾಕ್ರಿ ಅಕ್ಕಾರ, ಸುಮ್ನ ನಿಂತ್ರಿ?" ಎಂದರು ಹುಡುಗಿಯ ಸೋದರಮಾವ.

"ಕ್ಯಾಮೆರಾ ಅಪ್‌ಡೇಟ್ ಆಗಾಕತ್ತೈತ್ರಿ."

ಪುರೋಹಿತರು ತಲೆ ಎತ್ತದೆಯೇ ಹೇಳಿದರು: "ಇಲ್ಲಿ ವರನs ಇನ್ನ ಆಗಿಲ್ಲ. ಅದಕ್ಕೇನವಸರ?"

ಚೀಲದಿಂದ ನನ್ನ ಹಳೆಯ ಕ್ಯಾಮೆರಾ ಎಳೆದು ತಾಳಿ, ಅಕ್ಷತೆ, ತಾಯಿಯ ಕಣ್ಣು ಎಲ್ಲ ತೆಗೆದೆ. ಆಮೇಲೆ ಹೊಸದು ನಿದ್ದೆಯಿಂದೆದ್ದು, 'ಹೊಸದೇನಿದೆ ನೋಡುತ್ತೀರಾ?' ಎಂದು ಕೇಳಿತು. ಹೊಸದೆಂದರೆ ಇಬ್ಬರಿಗೆ ಮದುವೆಯಾಗಿತ್ತು. ಅದಕ್ಕೆ ಮಾತ್ರ ಗೊತ್ತಿರಲಿಲ್ಲ.

ಮರುದಿನ ಮಾಲೀಕರು ಕಂಪ್ಯೂಟರ್ ಮುಂದೆ ಕೂತು ಬಾವಮೈದನನ್ನು ಕೂಗಿದರು. "ಬಾರೋ ಇಲ್ಲಿ! ಆ ತಾಯಿಯ ಕಣ್ಣು ನೋಡು! ಕ್ಯಾಮೆರಾ ಅಂದರೆ ಇದು."

"ಸಾರ್, ಅದು ನನ್ನ ಹಳೇದರಲ್ಲಿ ತೆಗೆದದ್ದು."

"ಹೊಟ್ಟೆಕಿಚ್ಚು ಬೇಡ ಮೇಡಂ."

ಹದಿನೆಂಟು ವರ್ಷದಲ್ಲಿ ಅವರು ನನ್ನ ಫೋಟೋ ಹೊಗಳಿದ್ದು ಅದೊಂದೇ ಸಲ. ಆ ಹೊಗಳಿಕೆಯೂ ನನ್ನ ಬದಲಿಗೆ ಬರುವವನ ಕೈಯ ಕ್ಯಾಮೆರಾಕ್ಕೆ ಹೋಯಿತು.

ನಾಲ್ಕು: ಊಟ

ಹತ್ತನೆಯ ದಿನ ಮಾಲೀಕರ ಮಗಳಿಗೆ ಮೊದಲ ಸಲ ಲಂಗ ದಾವಣಿ ಉಡಿಸುವ ಸಮಾರಂಭ. "ಬಾವಮೈದನೇ ತೆಗೀತಾನೆ. ನೀವು ಊಟಕ್ಕೆ ಬಂದರೆ ಸಾಕು ಮೇಡಂ," ಎಂದಿದ್ದರು. ಹೋದೆ. ಹಳೆಯ ಕ್ಯಾಮೆರಾದ ಚೀಲ ಅಭ್ಯಾಸಬಲದಿಂದ ನನ್ನ ಜೊತೆಗೇ ಬಂದಿತ್ತು, ಕುರ್ಚಿಯ ಕೆಳಗಿಟ್ಟೆ.

ಬಾವಮೈದ ಹೊಸ ಕ್ಯಾಮೆರಾವನ್ನು ವೇದಿಕೆಯ ದೊಡ್ಡ ಪರದೆಗೆ ಜೋಡಿಸಿದ್ದ. ಅದಕ್ಕೆ ಕಂಡದ್ದೆಲ್ಲ ಇಡೀ ಹಾಲಿಗೆ ಕಾಣುತ್ತಿತ್ತು. ಬಂಧು ಬಳಗ ಮೂರು ಸಾಲಾಗಿ ನಿಂತು ನಕ್ಕಿತು. ಮಾಲೀಕರು ನಡುವೆ. ನಾನು ಹಿಂದೆ ಅವರ ತಾಯಿಯ ಪಕ್ಕ ತಟ್ಟೆ ಹಿಡಿದು ಕೂತಿದ್ದೆ, ಎರಡೇ ತುತ್ತು ಆಗಿತ್ತು. ಆಗ ಮಾಲೀಕರ ಮುಖದ ಮೇಲೆ, ಬಾಗಿಲಷ್ಟು ಅಗಲಕ್ಕೆ, ಅಡುಗೆ ಕಡೆ ಇದ್ದ ಅವರ ಹೆಂಡತಿಯ ಮೆಸೇಜು ಮೂಡಿತು:

'ಮೇಡಂಗೆ ಹೇಳಿದಿರಾ, ಒಂದನೇ ತಾರೀಖಿನಿಂದ ಬರೋದು ಬೇಡ ಅಂತ? ಊಟ ಆದ ಮೇಲೆ ಹೇಳಿ. ಈಗಲೇ ಹೇಳಿದರೆ ಪಾಪ ಉಣ್ಣಲ್ಲ.'

ಓದು ಬಾರದ ಮಾಲೀಕರ ತಾಯಿ ನನ್ನ ಕೈ ತಟ್ಟಿದರು. "ಏಮ್ಮಾ, ಏಮಿ ರಾಸಾರು?"

"ನನಗೆ ಹೊಟ್ಟೆ ತುಂಬ ಊಟ ಹಾಕಬೇಕು ಅಂತ ಬರೆದಿದ್ದಾರಮ್ಮ," ಎಂದು ತೆಲುಗಿನಲ್ಲೇ ಹೇಳಿದೆ.

"ನನ್ನ ಸೊಸೆ ಹಾಗೇ," ಎಂದರು ಮುದುಕಿ, ಹೆಮ್ಮೆಯಿಂದ. "ಯಾರನ್ನೂ ಹಸಿದ ಹೊಟ್ಟೆಯಲ್ಲಿ ಕಳಿಸುವವಳಲ್ಲ."

ಬಾವಮೈದ ಗಾಬರಿಯಾಗಿ ಸಿಕ್ಕಿದ್ದೆಲ್ಲ ಒತ್ತಿದ. ಪರದೆ ಕಪ್ಪಾಯಿತು, ಕ್ಯಾಮೆರಾ ಮತ್ತೆ ಹತ್ತಲಿಲ್ಲ. ಮೂರು ಸಾಲೂ ಹಲ್ಲು ಬಿಟ್ಟುಕೊಂಡು ನಿಂತೇ ಇತ್ತು. ಮಾಲೀಕರು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು: "ಮೇಡಂ, ನಿಮ್ಮ ಆ ಹಳೇದು ತಂದಿದ್ದೀರಾ?"

ಕಾಲಿನಿಂದ ಚೀಲವನ್ನು ಇನ್ನಷ್ಟು ಒಳಗೆ ತಳ್ಳಿದೆ. "ಇಲ್ಲ ಸಾರ್. ಊಟಕ್ಕೆ ಬಂದರೆ ಸಾಕು ಅಂದಿದ್ದಿರಲ್ಲ," ಎಂದು ಹೇಳಿ, ಬಡಿಸುವವನನ್ನು ಕರೆದು ಇನ್ನೊಂದು ಸಲ ಬ್ರೆಡ್ಡಿನ ಸಿಹಿ ಡಬಲ್ ಕಾ ಮೀಠಾ ಹಾಕಿಸಿಕೊಂಡೆ.

ಒಂದನೇ ತಾರೀಖಿನಿಂದ ನಾನು ಸ್ಟುಡಿಯೋಗೆ ಹೋಗುತ್ತಿಲ್ಲ. ಹೊರಡುವ ಮುಂಚೆ ಫಾರಂ ಮಾತ್ರ ಫಿಲ್ಮ್ ತೊಳೆಯುತ್ತಿದ್ದ ಅಣ್ಣನಷ್ಟೇ ನಿಯತ್ತಿನಿಂದ ತುಂಬಿಕೊಟ್ಟೆ.

ದೋಷಗಳು: ಮಾಲೀಕರ ಮನೆಯವರಷ್ಟು ಸಂಸ್ಕಾರವಿಲ್ಲ. ಊಟ ಮುಗಿಯುವವರೆಗೂ ತಡೆಯುವುದಿಲ್ಲ.

ಬಳಸಲು ತರಬೇತಿ ಬೇಕೆ: ಬೇಡ. ಬಾವಮೈದನಾಗಿದ್ದರೆ ಸಾಕು.