ನನ್ನನ್ನು ಕಾಟಾ ಎಂದು ನೋಂದಾಯಿಸುವ ಕುರಿತು

ಡೇಟಾಬೇಸ್ ಕಂಪನಿಯ ಲೈಸೆನ್ಸ್ ವಿಭಾಗದ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಐನಾಪುರದ ಒಣದ್ರಾಕ್ಷಿ ಬೆಳೆಗಾರರ ಸಂಘದ ಕಾರ್ಯದರ್ಶಿಯಾದ ನಾನು, ತಮ್ಮ ಲೈಸೆನ್ಸ್ ಪದ್ಧತಿಯನ್ನು ಅರ್ಥ ಮಾಡಿಕೊಳ್ಳಲು ಒಂದಿಡೀ ದ್ರಾಕ್ಷಿ ಹಂಗಾಮನ್ನು ವ್ಯಯಿಸಿ, ಸೋತು, ಸಾಷ್ಟಾಂಗ ವಂದಿಸುತ್ತೇನೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಒಮ್ಮೆ ವಿಷಯದ ಪರ, ಇನ್ನೊಮ್ಮೆ ವಿರುದ್ಧ ನಿಂತು ಗೆದ್ದವನು ನಾನು. ತಮ್ಮ ಒಪ್ಪಂದಪತ್ರವಾದರೋ ಒಂದೇ ವಾಕ್ಯದಲ್ಲಿ ಎರಡೂ ಕಡೆ ನಿಲ್ಲುತ್ತದೆ.

ಮೊದಲು, ಸರ್ವರಿನೊಳಗೆ ಲೆಕ್ಕ ಮಾಡುವ ಕೋರು ಎಂಬ ಮಿದುಳುಗಳನ್ನು ಎಣಿಸಿ ಲೈಸೆನ್ಸ್ ಕೊಡುವ ತಮ್ಮ ಔದಾರ್ಯ. ಒಣದ್ರಾಕ್ಷಿಯ ತೂಕದ ಲೆಕ್ಕವಿರುವ ನಮ್ಮ ಡೇಟಾಬೇಸು ಬಾಡಿಗೆಯ ಒಂದು ಸರ್ವರಿನ ಮೂಲೆಯಲ್ಲಿ ತೆಪ್ಪಗೆ ಕುಳಿತಿದ್ದರೂ, ಅದು ಪಕ್ಕದ ಸರ್ವರುಗಳಿಗೂ ಜರುಗಬಹುದಾದ್ದರಿಂದ ಅವೆಲ್ಲಕ್ಕೂ ಲೈಸೆನ್ಸ್ ಬೇಕೆಂದು ಅಪ್ಪಣೆ ಕೊಡಿಸಿದಿರಿ. ಗೂಟಕ್ಕೆ ಕಟ್ಟಿದ ಎತ್ತು ಹಗ್ಗ ಹರಿದುಕೊಂಡರೆ ಊರ ಕಬ್ಬನ್ನೆಲ್ಲ ಮೇಯಬಹುದೆಂದು ಮುಂಗಡವಾಗಿಯೇ ದಂಡ ವಸೂಲಿ ಮಾಡುವ ದೂರದೃಷ್ಟಿ ನಮ್ಮ ಹಿರಿಯರಿಗೆ ಇರಲಿಲ್ಲ.

ಆದಕಾರಣ, ಬಳಕೆದಾರರನ್ನು ಹೆಸರು ಹಿಡಿದು ಎಣಿಸುವ ಎರಡನೆಯ ಪದ್ಧತಿಗೆ ಒಪ್ಪಿ, ಎರಡೇ ಸ್ಥಾನ ಪಡೆದೆವು. ಡೇಟಾಬೇಸಿಗೆ ತಾನಾಗಿ ಮಾಹಿತಿ ಕಳಿಸುವ ಯಂತ್ರವೂ ಬಳಕೆದಾರನೇ ಎಂಬ ತಮ್ಮ ನಿಯಮದಂತೆ ಒಂದು ಸ್ಥಾನ ನಮ್ಮ ತೂಕದ ಕಾಟಾಕ್ಕೆ ಹೋಯಿತು. ಇದನ್ನು ಕೇಳಿದ ತೂಕದಾಳು ಮಾಳಸಿದ್ದ, “ಹಂಗಂದ್ರ ಇವನೂ ನೌಕರ್ಯಾಗ ನನ್ನ ಜೋಡೀದಾರ ಆದ ಬಿಡ್ರಿ ಸಾಹೇಬ್ರ, ಚಹಾ ಎರಡು ಹೇಳ್ಲೇನ್ರಿ?” ಎಂದು ಕೇಳಿದ್ದನ್ನು ತಮ್ಮ ಅವಗಾಹನೆಗೆ ತರುತ್ತೇನೆ.

ಇನ್ನೊಂದು ಸ್ಥಾನ, ಈ ವ್ಯವಸ್ಥೆಯನ್ನೆಲ್ಲ ಕಟ್ಟಿದ ನನ್ನ ಮಗಳು ಸೋನಾಲಿಯದು. ಆಕೆ ಕಳೆದ ವರ್ಷ ಕಾಯಿಲೆಯಿಂದ ತೀರಿಕೊಂಡಳು. ವಾದವನ್ನು ಹೀಗೆ ಸಂಗ್ರಹಿಸಬಹುದು: ಎಂದೂ ಉಸಿರಾಡದ ಕಾಟಾ ತಮ್ಮಲ್ಲಿ ಬಳಕೆದಾರ; ಉಸಿರು ನಿಲ್ಲಿಸಿದ ಮಗಳು ಬಳಕೆದಾರಳು; ಉಸಿರಾಡುತ್ತ, ಆಕೆಯ ಕೆಲಸ ಮುಂದುವರಿಸಲು ಬಾಗಿಲಲ್ಲಿ ನಿಂತ ನಾನೊಬ್ಬನೇ ಅನಧಿಕೃತ.

ತಮ್ಮ ಕಚೇರಿಯ ಕಾಜಲ ಎಂಬ ಹುಡುಗಿ ಫೋನು ಮಾಡಿ, ಸೋನಾಲಿಯ ಹೆಸರು ಅಳಿಸಿದರೆ ಆ ಸ್ಥಾನ ನನಗೆ ಸಿಗುವುದೆಂದು ಬಹು ಮರ್ಯಾದೆಯಿಂದ ತಿಳಿಸಿದಳು. ಆಕೆಯ ತಪ್ಪೇನೂ ಇಲ್ಲ. ಈ ಸೂಚನೆಯ ಪರವಾಗಿ ನನ್ನಲ್ಲಿ ಬೇಕಾದಷ್ಟು ವಾದಗಳಿವೆ; ವಿರುದ್ಧವಾಗಿ ಒಂದೂ ಇಲ್ಲ. ಆದರೂ ನನ್ನ ಮತ ವಿರುದ್ಧಕ್ಕೇ.

ಆದ್ದರಿಂದ, ಕಾಟಾವನ್ನು ಸೇವೆಯಿಂದ ಬಿಡುಗಡೆ ಮಾಡಿ, ಅದರ ಸ್ಥಾನದಲ್ಲಿ ನನ್ನನ್ನೇ ಕಾಟಾ ಎಂದು ನೋಂದಾಯಿಸಬೇಕಾಗಿ ಪ್ರಾರ್ಥನೆ. ಇನ್ನು ಮುಂದೆ ಮಾಳಸಿದ್ದ ತೂಕ ಕೂಗುವನು, ನಾನು ಡೇಟಾಬೇಸಿಗೆ ಅಂಕಿ ಒತ್ತುವೆನು. ಅರ್ಹತೆಯ ಬಗ್ಗೆ ಸಂಶಯ ಬೇಡ. ಭಾರ ಹೊತ್ತೂ ಮುಳ್ಳು ಅಲುಗದಂತೆ ನಿಲ್ಲುವುದನ್ನು ವರ್ಷದಿಂದ ರೂಢಿ ಮಾಡಿಕೊಂಡಿದ್ದೇನೆ. ತಮ್ಮ ಪರಿಶೋಧಕರು ಬಂದಾಗ ನನ್ನ ಮೇಲೆ ಒಂದು ಚೀಲ ಒಣದ್ರಾಕ್ಷಿ ಇಟ್ಟು ಪರೀಕ್ಷಿಸಬಹುದು.

ಲೈಸೆನ್ಸ್ ಇಲ್ಲದೆಯೂ ತಮ್ಮ ವಿಶ್ವಾಸಿ,
ರಾವಸಾಹೇಬ ಮಗದುಮ್ಮ
ಕಾರ್ಯದರ್ಶಿ (ತಾವು ಮನಸ್ಸು ಮಾಡಿದರೆ, ಕಾಟಾ)

ತಾ.ಕ.: ‘ಸೋನಾಲಿ ಅವರೇ, ಬಹಳ ದಿನಗಳಿಂದ ತಾವು ಇತ್ತ ಬಂದಿಲ್ಲ; ನಮ್ಮಿಂದ ಏನಾದರೂ ತಪ್ಪಾಯಿತೇ?’ ಎಂದು ತಮ್ಮ ಯಂತ್ರವು ಆಕೆಗೆ ಆಗಾಗ ಬರೆಯುತ್ತಿರುತ್ತದೆ. ಮನೆಯಲ್ಲಿ ನಾವು ಬಾಯಿಬಿಟ್ಟು ಕೇಳಲಾರದ್ದನ್ನು ಅದು ಕೇಳುತ್ತದೆ, ನಿಲ್ಲಿಸಬೇಡಿ. ಉತ್ತರವೇನಾದರೂ ಬಂದರೆ, ಅದಕ್ಕೆ ಶುಲ್ಕ ನಿಗದಿ ಮಾಡುವ ಮೊದಲು, ದಯವಿಟ್ಟು ನನಗೊಂದು ಮಾತು ತಿಳಿಸಿ.